ವಿಚ್ಛೇದನದ ನಂತರದ ಬಾಳು, ಜೀವನಾಂಶದ ಲೆಕ್ಕ

ಎಂಟು ವರ್ಷಗಳ ಅಂತರದಲ್ಲಿ ಸುಪ್ರೀಂ ಕೋರ್ಟ್ ನೀಡಿದ ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ಓದಬೇಕು. ಎರಡೂ ಪಶ್ಚಿಮ ಬಂಗಾಳದ ಪ್ರಕರಣಗಳು. ಎರಡರಲ್ಲೂ ವಿಚ್ಛೇದನವಾಗಿತ್ತು, ಗಂಡ ಮತ್ತೊಂದು ಮದುವೆಯಾಗಿದ್ದ, ಹೊಸ ಸಂಸಾರದ ಖರ್ಚಿನ ಮಾತು ಬಂದಿತ್ತು. 2017ರ ಪ್ರಕರಣದಲ್ಲಿ ಕಲ್ಕತ್ತಾ ಹೈಕೋರ್ಟ್ ತಿಂಗಳಿಗೆ 23,000 ರೂಪಾಯಿ ಜೀವನಾಂಶ ನಿಗದಿ ಮಾಡಿತ್ತು. ಗಂಡನಿಗೆ ಎರಡನೆಯ ಮದುವೆಯಿಂದ ಮಗುವಾಗಿದೆ ಎಂಬುದನ್ನು ಗಮನಿಸಿದ ಸುಪ್ರೀಂ ಕೋರ್ಟ್ ಅದನ್ನು 20,000ಕ್ಕೆ ಇಳಿಸಿತು. ಗಂಡನ ಕೈಗೆ ಬರುವ ಸಂಬಳದ ಶೇ 25ರಷ್ಟು ಹೆಂಡತಿಗೆ ನ್ಯಾಯವಾದ ಪಾಲು ಎಂಬ, ಇಂದಿಗೂ ವಕೀಲರು ಎತ್ತಿ ಆಡುವ ಮಾತು ಬಂದದ್ದು ಇದೇ ತೀರ್ಪಿನಲ್ಲಿ. ಎರಡನೆಯ ತೀರ್ಪು 2025ರ ಮೇ ತಿಂಗಳಿನದು. ಅಲ್ಲಿ ಹೈಕೋರ್ಟ್ 20,000 ರೂಪಾಯಿ ಗೊತ್ತುಮಾಡಿತ್ತು. ಗಂಡ ತನ್ನ ಮರುಮದುವೆಯನ್ನೂ ತನ್ನನ್ನು ನೆಚ್ಚಿಕೊಂಡವರನ್ನೂ ಮುಂದಿಟ್ಟ. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಮೊದಲ ಹೆಂಡತಿ ಮರುಮದುವೆಯಾಗದೆ ಒಂಟಿಯಾಗಿ ಬದುಕುತ್ತಿದ್ದಾಳೆ, ದಾಂಪತ್ಯದಲ್ಲಿದ್ದಾಗ ಕಂಡಿದ್ದ ಬಾಳಿನ ಮಟ್ಟಕ್ಕೆ ತಕ್ಕ ನೆರವು ಆಕೆಗೆ ಸಲ್ಲಬೇಕು ಎಂದು ಮೊತ್ತವನ್ನು 50,000ಕ್ಕೆ ಏರಿಸಿತು. ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆಯನ್ನೂ ಸೇರಿಸಿತು.

ಕೊಡುವವನು ಹೊಸ ಬಾಳು ಕಟ್ಟಿಕೊಂಡರೆ ನ್ಯಾಯಾಲಯ ಹೀಗೆ ಅಂಕಿ ಅಂಶ ನೋಡುತ್ತದೆ. ಸಂಬಳವೆಷ್ಟು, ನೆಚ್ಚಿಕೊಂಡವರು ಎಷ್ಟು ಜನ, ಬೆಲೆ ಎಷ್ಟು ಏರಿದೆ ಎಂದು ಕೇಳುತ್ತದೆ. ಪಡೆಯುವವಳು ಹೊಸ ಬಾಳಿನತ್ತ ಹೊರಳಿದರೆ ಕೇಳುವ ಪ್ರಶ್ನೆಗಳೇ ಬದಲಾಗುತ್ತವೆ. ಅಲ್ಲಿ ಹಣದ ಲೆಕ್ಕಕ್ಕಿಂತ ಮೊದಲು ಶೀಲದ ವಿಚಾರಣೆ ನಡೆಯುತ್ತದೆ. ಭಾರತದ ಜೀವನಾಂಶ ಕಾನೂನಿನ ದೊಡ್ಡ ಕೊರತೆ ಇದು. ಅದರ ಬೇರು ಕಾನೂನಿನ ಪದಗಳಲ್ಲೇ ಇದೆ.

1955ರ ಹಿಂದೂ ವಿವಾಹ ಕಾಯ್ದೆಯ 25ನೇ ಕಲಂ ಶಾಶ್ವತ ಜೀವನಾಂಶಕ್ಕೆ ಸಂಬಂಧಿಸಿದ್ದು. ಗಂಡನೂ ಕೇಳಬಹುದು, ಹೆಂಡತಿಯೂ ಕೇಳಬಹುದು. ಅದರ ಎರಡನೆಯ ಉಪಕಲಂ ಪ್ರಕಾರ, ಯಾರದೇ ಪರಿಸ್ಥಿತಿ ಬದಲಾದರೆ ಆದೇಶವನ್ನು ತಿದ್ದಬಹುದು, ರದ್ದು ಮಾಡಬಹುದು. ಅಷ್ಟೇ ಇದ್ದಿದ್ದರೆ ಸಾಕಿತ್ತು. ಆದರೆ ಮೂರನೆಯ ಉಪಕಲಂ ಒಂದಿದೆ. ಜೀವನಾಂಶ ಪಡೆಯುವವರು ಮರುಮದುವೆಯಾದರೆ, ಅಥವಾ ಪಡೆಯುವವಳು ಹೆಂಡತಿಯಾಗಿದ್ದು ಶೀಲವತಿಯಾಗಿ ಉಳಿಯದಿದ್ದರೆ, ಪಡೆಯುವವನು ಗಂಡನಾಗಿದ್ದು ವಿವಾಹದಾಚೆ ಹೆಣ್ಣಿನ ಸಂಗ ಮಾಡಿದ್ದರೆ, ಎದುರು ಪಕ್ಷದ ಅರ್ಜಿಯ ಮೇಲೆ ಆದೇಶವನ್ನು ಬದಲಿಸಬಹುದು ಎನ್ನುತ್ತದೆ. ಗಂಡನಿಗೊಂದು ಭಾಷೆ, ಹೆಂಡತಿಗೊಂದು ಭಾಷೆ. ಗಂಡನ ಮಟ್ಟಿಗೆ ನಿರ್ದಿಷ್ಟವಾದ ಒಂದು ಕೃತ್ಯ ರುಜುವಾತಾಗಬೇಕು. ಹೆಂಡತಿಯ ಮಟ್ಟಿಗೆ ಅವಳ ಇಡೀ ನಡತೆಯೇ ಕಟಕಟೆ ಹತ್ತುತ್ತದೆ.

ಈ ಉಪಕಲಮಿಗೆ 1976ರಲ್ಲಿ ಒಂದು ತಿದ್ದುಪಡಿ ಬಂತು. ಕಾಯ್ದೆಯ ಮೂಲ ರೂಪದಲ್ಲಿ ಮರುಮದುವೆ ಅಥವಾ ಶೀಲಭಂಗ ಸಾಬೀತಾದರೆ ನ್ಯಾಯಾಲಯ ಆದೇಶವನ್ನು ರದ್ದು ಮಾಡಲೇಬೇಕಿತ್ತು. ತಿದ್ದುಪಡಿಯ ನಂತರ ‘ನ್ಯಾಯವೆಂದು ಕಂಡಂತೆ ಬದಲಿಸಬಹುದು, ಮಾರ್ಪಡಿಸಬಹುದು ಅಥವಾ ರದ್ದುಪಡಿಸಬಹುದು’ ಎಂದಾಯಿತು. ಅಂದರೆ ಮರುಮದುವೆಯಾದೊಡನೆ ಜೀವನಾಂಶ ತಾನಾಗಿ ಬಿದ್ದುಹೋಗುವುದಿಲ್ಲ. ಕೊಡುವವರು ಅರ್ಜಿ ಹಾಕಬೇಕು, ನ್ಯಾಯಾಧೀಶರು ತೂಗಿ ನೋಡಬೇಕು, ಪೂರ್ತಿ ನಿಲ್ಲಿಸುವ ಬದಲು ಮೊತ್ತ ಇಳಿಸುವ ದಾರಿಯೂ ಅವರ ಮುಂದಿದೆ. ಸಂಸತ್ತು ಅರ್ಧ ಶತಮಾನದ ಹಿಂದೆಯೇ ಇಷ್ಟು ಕಿಟಕಿ ತೆರೆದಿಟ್ಟಿದೆ. ಮಾಜಿ ಹೆಂಡತಿಯ ಮರುಮದುವೆಯ ಫೋಟೊ ಕಂಡ ಕೂಡಲೇ ಹಣ ಕಳಿಸುವುದನ್ನು ತಾವೇ ನಿಲ್ಲಿಸಿಬಿಡುವವರಿಗೆ ಇದು ತಿಳಿದಿರಬೇಕು.

1936ರ ಪಾರ್ಸಿ ವಿವಾಹ ಕಾಯ್ದೆ ಹೆಚ್ಚುಕಡಿಮೆ ಇದೇ ಮಾತನ್ನು ಹೇಳುತ್ತದೆ. ಜಾತಿ ಧರ್ಮ ಮೀರಿ ಮದುವೆಯಾಗುವವರಿಗೆಂದು 1954ರಲ್ಲಿ ಬಂದ ವಿಶೇಷ ವಿವಾಹ ಕಾಯ್ದೆಯಿಂದ ಹೆಚ್ಚಿನದನ್ನು ನಿರೀಕ್ಷಿಸಬಹುದಿತ್ತು. ಅಲ್ಲೂ ಶೀಲದ ಷರತ್ತು ಇದೆ, ಅದೂ ಹೆಂಡತಿಯೊಬ್ಬಳಿಗೇ.

ಬಡವರು ಹೆಚ್ಚಾಗಿ ಹೋಗುವುದು ಈ ಕಾಯ್ದೆಗಳ ದಾರಿಯಲ್ಲಲ್ಲ. ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಎಂದರೆ ಹಳ್ಳಿಯ ಹೆಣ್ಣುಮಕ್ಕಳಿಗೂ ಗೊತ್ತು. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ಧರ್ಮದ ಭೇದವಿಲ್ಲದ ಈ ಕಲಮಿನಲ್ಲಿ ‘ಹೆಂಡತಿ’ ಎಂದರೆ ವಿಚ್ಛೇದನವಾಗಿ ಮರುಮದುವೆಯಾಗದ ಹೆಂಗಸೂ ಸೇರುತ್ತಾಳೆ. ಹೀಗಾಗಿ ಮರುಮದುವೆಯಾದರೆ ಇಲ್ಲಿ ತೂಗಿ ನೋಡುವ ಅವಕಾಶವೇ ಇಲ್ಲ. ಮದುವೆಯಾದ ದಿನದಿಂದಲೇ ಆದೇಶ ರದ್ದಾಗಬೇಕು. ಎರಡನೆಯ ಗಂಡ ಸಾಕುವ ಸ್ಥಿತಿಯಲ್ಲಿದ್ದಾನೆಯೇ ಎಂಬ ಪ್ರಶ್ನೆ ಏಳುವುದಿಲ್ಲ. ಹಿಂದೂ ವಿವಾಹ ಕಾಯ್ದೆಯಡಿ ದೊಡ್ಡ ಮೊತ್ತ ಪಡೆಯುವ ಹೆಂಗಸಿಗೆ ನ್ಯಾಯಾಧೀಶರ ವಿವೇಚನೆಯ ಆಸರೆ ಇದೆ. ತಿಂಗಳಿಗೆ ಮೂರೋ ನಾಲ್ಕೋ ಸಾವಿರಕ್ಕೆ ಅಲೆಯುವವಳಿಗೆ ಅದಿಲ್ಲ.

ಮುಸ್ಲಿಂ ಮಹಿಳೆಯರ ಹಾದಿ ಬೇರೆಯೇ ತಿರುವು ಪಡೆದಿದೆ. ವಿಚ್ಛೇದಿತ ಮುಸ್ಲಿಂ ಮಹಿಳೆಗೂ 125ನೇ ಕಲಮಿನಡಿ ಜೀವನಾಂಶ ಉಂಟು ಎಂದ ಶಾ ಬಾನೊ ತೀರ್ಪು 1985ರಲ್ಲಿ, ಅದರ ಬೆನ್ನಿಗೆ ವಿಚ್ಛೇದಿತ ಮುಸ್ಲಿಂ ಮಹಿಳೆಯರಿಗೆಂದೇ ಬಂದ ಕಾಯ್ದೆ 1986ರಲ್ಲಿ. ವಿಚ್ಛೇದಿತ ಪತ್ನಿಯ ಮುಂದಿನ ಬದುಕಿಗೂ ಸಾಕಾಗುವಂಥ ವ್ಯವಸ್ಥೆಯನ್ನು ಇದ್ದತ್ (ವಿಚ್ಛೇದನದ ನಂತರದ ಕಾಯುವಿಕೆ) ಅವಧಿಯೊಳಗೇ ಮಾಡಿಕೊಡಬೇಕು ಎಂದು 2001ರಲ್ಲಿ ಡೇನಿಯಲ್ ಲತೀಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆಯನ್ನು ಅರ್ಥೈಸಿತು. ಆ ವ್ಯಾಖ್ಯಾನದ ಪೂರ್ಣ ಫಲ ಕಂಡದ್ದು 2024ರ ಜನವರಿಯಲ್ಲಿ, ಬಾಂಬೆ ಹೈಕೋರ್ಟಿನಲ್ಲಿ. ತಲಾಕ್ ಪಡೆದ ಮಹಿಳೆಯೊಬ್ಬಳಿಗೆ 9 ಲಕ್ಷ ರೂಪಾಯಿ ಕೊಡಬೇಕೆಂದು ಕೆಳ ನ್ಯಾಯಾಲಯ ಹೇಳಿತ್ತು. ಆಕೆ ನಡುವೆ ಮರುಮದುವೆಯಾಗಿದ್ದಳು, ಹಾಗಾಗಿ ಹಣ ಕೊಡಬೇಕಾಗಿಲ್ಲ ಎಂದು ಮೊದಲ ಗಂಡ ವಾದಿಸಿದ. 1986ರ ಕಾಯ್ದೆಯ ಮೂರನೇ ಕಲಮಿನಲ್ಲಿ ಮರುಮದುವೆಯ ಷರತ್ತೇ ಇಲ್ಲ, ತಲಾಕ್ ಆದ ದಿನವೇ ಹಕ್ಕು ಗಟ್ಟಿಯಾಗುತ್ತದೆ ಎಂದು ಹೈಕೋರ್ಟ್ ಆತನ ವಾದವನ್ನು ತಳ್ಳಿಹಾಕಿತು. ಮುಸ್ಲಿಂ ಮಹಿಳೆಯ ಹಕ್ಕನ್ನು ಮೊಟಕುಗೊಳಿಸಲು ತಂದದ್ದು ಎಂದು ದೇಶವಿಡೀ ಟೀಕೆಗೊಳಗಾಗಿದ್ದ ಕಾಯ್ದೆಯೊಂದು, ಮರುಮದುವೆಯ ವಿಷಯದಲ್ಲಿ ಮೇಲಿನ ಕಾಯ್ದೆಗಳಿಗಿಂತ ಉದಾರವಾಗಿ ನಿಂತಿತು. ಅದೇ ವರ್ಷದ ಜುಲೈನಲ್ಲಿ ಕನ್ನಡ ನಾಡಿನವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ, ಮುಸ್ಲಿಂ ವಿಚ್ಛೇದಿತೆಗೆ 125ನೇ ಕಲಮಿನ ದಾರಿಯೂ ತೆರೆದೇ ಇದೆ ಎಂದು ಖಚಿತಪಡಿಸಿತು. ಆ ದಾರಿಯನ್ನು ಹಿಡಿದರೆ ಮರುಮದುವೆಯ ಷರತ್ತು ಜೊತೆಗೇ ಬರುತ್ತದೆ.

ಮದುವೆಗೆ ದಾಖಲೆ ಇರುತ್ತದೆ, ಸಾಕ್ಷಿ ಇರುತ್ತಾರೆ. ನಿಜವಾದ ಕಗ್ಗಂಟು ಇರುವುದು ಮದುವೆಯಿಲ್ಲದ ಸಂಬಂಧದಲ್ಲಿ.

ವಿಚ್ಛೇದನಕ್ಕೆ ಮೊದಲಿನ ಮಾತು ಮೊದಲು. ‘ವ್ಯಭಿಚಾರದಲ್ಲಿ ಬಾಳುತ್ತಿರುವ’ ಹೆಂಡತಿಗೆ 125ನೇ (ಈಗಿನ 144ನೇ) ಕಲಮಿನಡಿ ಜೀವನಾಂಶವಿಲ್ಲ. ಭಾರತೀಯ ದಂಡ ಸಂಹಿತೆಯ 497ನೇ ಕಲಮನ್ನು 2018ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿದ ಮೇಲೆ ವ್ಯಭಿಚಾರ ಅಪರಾಧವಾಗಿ ಉಳಿದಿಲ್ಲ, ಆದರೆ ಹೆಂಡತಿಯ ಅನ್ನ ಕಸಿಯುವ ಕಾರಣವಾಗಿ ಉಳಿದಿದೆ. ಎಷ್ಟರಮಟ್ಟಿನ ಸಂಬಂಧ ಇದಕ್ಕೆ ಸಾಕು? ಒಂದೆರಡು ಸಲದ ಘಟನೆ ಸಾಲದು, ನಿರಂತರವಾಗಿ ನಡೆಯುತ್ತಿರಬೇಕು ಎಂದು ದೆಹಲಿ ಹೈಕೋರ್ಟ್ 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶ ಹೈಕೋರ್ಟ್ ಮುಂದೆ ಬಂದ ಗಂಡ, ತಿಂಗಳಿಗೆ ಎಂಟು ಸಾವಿರ ರೂಪಾಯಿ ದುಡಿಯುವ ಆಸ್ಪತ್ರೆಯ ವಾರ್ಡ್ ಬಾಯ್, ತನ್ನ ಹೆಂಡತಿ ಬೇರೊಬ್ಬನನ್ನು ಪ್ರೀತಿಸುತ್ತಾಳೆ ಎಂದು ದೂರಿದ. ದೈಹಿಕ ಸಂಬಂಧವಿಲ್ಲದ ಪ್ರೀತಿ ವ್ಯಭಿಚಾರವಲ್ಲ ಎಂದ ನ್ಯಾಯಾಲಯ, ಆಕೆಗೆ ಕೊಟ್ಟಿದ್ದ 4,000 ರೂಪಾಯಿಯ ಮಧ್ಯಂತರ ಜೀವನಾಂಶವನ್ನು ಎತ್ತಿಹಿಡಿಯಿತು. ಕರ್ನಾಟಕ ಹೈಕೋರ್ಟ್ 2023ರಲ್ಲಿ ಗಟ್ಟಿಯಾಗಿ ಇನ್ನೊಂದು ಕಡೆ ನಿಂತಿತು. ನೆರೆಮನೆಯವನೊಂದಿಗೆ ಸಂಬಂಧವಿದ್ದದ್ದು ಸಾಬೀತಾದ ಪತ್ನಿ, ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಜೀವನಾಂಶ ಕೇಳುವಂತಿಲ್ಲ ಎಂದಿತು.

ವಿಚ್ಛೇದನವಾದ ಮೇಲೆ? ಗಂಡನೇ ಇಲ್ಲದವಳು ವ್ಯಭಿಚಾರ ಮಾಡುವುದಾದರೂ ಹೇಗೆ? ಸುಪ್ರೀಂ ಕೋರ್ಟ್ 1995ರಲ್ಲೇ ಈ ಪ್ರಶ್ನೆಯನ್ನು ಮುಟ್ಟಿತ್ತು. ಪರಸ್ಪರ ಒಪ್ಪಿಗೆಯಿಂದ ವಿಚ್ಛೇದನ ಪಡೆದವಳಿಗೆ ಜೀವನಾಂಶ ಉಂಟೇ ಎಂಬುದು ಅಲ್ಲಿನ ವಿವಾದ. ಉಂಟು ಎಂದು ತೀರ್ಪು ಕೊಡುವಾಗ, ವ್ಯಭಿಚಾರದ ಷರತ್ತು ದಾಂಪತ್ಯ ಉಳಿದಿರುವ ಹೆಂಡತಿಗಷ್ಟೇ ಅನ್ವಯ, ವಿಚ್ಛೇದಿತೆ ವ್ಯಭಿಚಾರದಲ್ಲಿ ಬಾಳುವ ಪ್ರಶ್ನೆಯೇ ಹುಟ್ಟುವುದಿಲ್ಲ ಎಂದು ನ್ಯಾಯಾಲಯ ವಿವರಿಸಿತು. ಇಷ್ಟು ನಿಚ್ಚಳವಾದ ಮಾತಿದ್ದರೂ 2015ರಲ್ಲಿ ಮದ್ರಾಸ್ ಹೈಕೋರ್ಟಿನ ಮದುರೈ ಪೀಠ ವಿರುದ್ಧ ದಿಕ್ಕಿಗೆ ಹೋಯಿತು. ಮಾಜಿ ಗಂಡನಿಂದ ಜೀವನಾಂಶ ಪಡೆಯುವವಳಿಗೆ ಬೇರೆ ಗಂಡಸಿನೊಡನೆ ಸಂಬಂಧ ಇಟ್ಟುಕೊಳ್ಳದಿರುವ ಹೊಣೆಯೂ ಇದೆ, ಅದನ್ನು ಮೀರಿದರೆ ಹಕ್ಕು ಹೋಗುತ್ತದೆ ಎಂದಿತು. ಮದುವೆ ಮುಗಿದರೂ ನಿಷ್ಠೆ ಮುಗಿಯುವುದಿಲ್ಲ, ಅದೂ ಒಬ್ಬರ ಕಡೆಯಿಂದ ಮಾತ್ರ ಎಂಬ ಈ ವಾದವನ್ನು ಒಪ್ಪುವುದು ಕಷ್ಟ. ಆಕೆ ಪಡೆಯುತ್ತಿರುವುದು ನಿಷ್ಠೆಗೆ ಸಂದ ಸಂಬಳವಲ್ಲ. ಅಡುಗೆ, ಮಕ್ಕಳು, ಮಾವನ ಔಷಧಿ ಎಂದು ದುಡಿಮೆಯ ಹೊರಗೆ ಕಳೆದ ವರ್ಷಗಳಿಂದ ಹುಟ್ಟಿದ ಕೊರತೆಯನ್ನು ತುಂಬಲೆಂದು ಆ ಹಣ. ಸ್ನೇಹಿತನೊಬ್ಬ ಸಿಕ್ಕಿದ ಮಾತ್ರಕ್ಕೆ ಆ ವರ್ಷಗಳು ಹಿಂದಿರುಗುವುದಿಲ್ಲ.

ಹಾಗೆಂದು ಕೊಡುವವನ ದೂರು ಪೂರ್ತಿ ಪೊಳ್ಳಲ್ಲ. ಮಾಜಿ ಪತ್ನಿ ಒಳ್ಳೆಯ ಸಂಬಳದ ಸಂಗಾತಿಯೊಂದಿಗೆ ಒಂದೇ ಮನೆಯಲ್ಲಿ ನೆಲೆಸಿ, ಬಾಡಿಗೆಯಿಂದ ದಿನಸಿಯವರೆಗೆ ಎಲ್ಲವೂ ಅಲ್ಲಿಂದಲೇ ನಡೆಯುತ್ತಿದ್ದು, ಜೀವನಾಂಶ ನಿಲ್ಲದಿರಲಿ ಎಂಬ ಒಂದೇ ಕಾರಣಕ್ಕೆ ಮದುವೆಯನ್ನು ಮುಂದೂಡುತ್ತಿದ್ದರೆ, ಆತನ ಜೇಬಿನಿಂದ ತಿಂಗಳು ತಿಂಗಳು ಹಣ ಹೋಗುವುದು ನ್ಯಾಯವಲ್ಲ. ಅದಕ್ಕೆ ಮದ್ದು ಹಿಂದೂ ವಿವಾಹ ಕಾಯ್ದೆಯ 25ನೇ ಕಲಮಿನ ಎರಡನೆಯ ಉಪಕಲಮಿನಲ್ಲಿಯೇ ಇದೆ. ಪರಿಸ್ಥಿತಿ ಬದಲಾಗಿದೆ, ಅಗತ್ಯ ಕಡಿಮೆಯಾಗಿದೆ ಎಂದು ತೋರಿಸಿದರಾಯಿತು. 2020ರ ನವೆಂಬರ್‌ನಲ್ಲಿ ರಜನೀಶ್–ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ, ಖರ್ಚುಗಳನ್ನು ಪ್ರಮಾಣಪತ್ರದಲ್ಲಿ ಬಿಚ್ಚಿಡುವುದನ್ನು ಕಡ್ಡಾಯ ಮಾಡಿದೆ. ಯಾರ ಮನೆಯಲ್ಲಿ ಯಾರು ಬಾಡಿಗೆ ಕಟ್ಟುತ್ತಾರೆ ಎಂಬುದನ್ನು ತಿಳಿಯಲು ಆ ಕಾಗದಗಳು ಸಾಕು. ಮಲಗುವ ಕೋಣೆಗೆ ಇಣುಕಬೇಕಾಗಿಲ್ಲ.

ಆದರೆ ಇಣುಕುವ ಕೆಲಸ ನಡೆಯುತ್ತಲೇ ಇದೆ. ಪತ್ತೇದಾರರನ್ನು ಗೊತ್ತುಮಾಡುವುದು, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಚಿತ್ರಗಳನ್ನು ಮುದ್ರಿಸಿ ಕಡತಕ್ಕೆ ಸೇರಿಸುವುದು, ಫೋನ್ ಕರೆಗಳ ದಾಖಲೆ ತರಿಸುವುದು ಇವೆಲ್ಲ ಈಗ ಕೌಟುಂಬಿಕ ನ್ಯಾಯಾಲಯಗಳಲ್ಲಿ ಸಾಮಾನ್ಯ. 2022ರಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಇದಕ್ಕೊಂದು ಗೆರೆ ಎಳೆದರು. ಹೆಂಡತಿಯ ಪ್ರಿಯಕರ ಎಂದು ಗಂಡ ಬೊಟ್ಟುಮಾಡಿದ ವ್ಯಕ್ತಿಯ ಮೊಬೈಲ್ ಟವರ್ ಮಾಹಿತಿ ತರಿಸಲು ಕೌಟುಂಬಿಕ ನ್ಯಾಯಾಲಯ ಒಪ್ಪಿತ್ತು. ಗಂಡ ಹೆಂಡಿರ ಜಗಳದಲ್ಲಿ ಮೂರನೆಯವರ ಖಾಸಗಿತನವನ್ನು ಬಲಿಕೊಡಲಾಗದು ಎಂದು ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸ್ಥಾಪಿಸಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದರ ಫಲ ಇಲ್ಲಿಗೂ ಹರಿಯಿತು. ಗಂಡ ಹೆಂಡಿರ ನಡುವಿನ ಮಾತುಕತೆಯೇ ಆದರೆ ಬೇರೆ ಮಾತು. ಗುಟ್ಟಾಗಿ ಮಾಡಿಕೊಂಡ ಧ್ವನಿಮುದ್ರಣವನ್ನೂ ಸಾಕ್ಷ್ಯವಾಗಿ ಒಪ್ಪಬಹುದು ಎಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಹೊಸ ಸಂಬಂಧ ಹಳೆಯ ಜೀವನಾಂಶಕ್ಕೆ ಕುತ್ತು ತರುತ್ತದೆ ಎನ್ನುವುದಾದರೆ, ಆ ಹೊಸ ಸಂಬಂಧ ಆಕೆಗೆ ಭದ್ರತೆ ಕೊಡುತ್ತದೆಯೇ ಎಂದೂ ಕೇಳಬೇಕು. 2013ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಬೆಂಗಳೂರಿನ ಪ್ರಕರಣವೊಂದು ಇದಕ್ಕೆ ಉತ್ತರ ಹೇಳುತ್ತದೆ. ಖಾಸಗಿ ಕಂಪನಿಯಲ್ಲಿ ಕೆಲಸದಲ್ಲಿದ್ದ ಅವಿವಾಹಿತ ಮಹಿಳೆ, ಅಲ್ಲೇ ಇದ್ದ, ಹೆಂಡತಿ ಮಕ್ಕಳಿದ್ದ ಗಂಡಸಿನೊಡನೆ ವರ್ಷಾನುಗಟ್ಟಲೆ ಬಾಳಿದಳು. ಆತ ಬಿಟ್ಟುಹೋದಾಗ ಮ್ಯಾಜಿಸ್ಟ್ರೇಟ್ ತಿಂಗಳಿಗೆ 18,000 ರೂಪಾಯಿ ಕೊಡಿಸಿದರು. ಕರ್ನಾಟಕ ಹೈಕೋರ್ಟ್ ಅದನ್ನು ತೆಗೆದುಹಾಕಿತು, ಸುಪ್ರೀಂ ಕೋರ್ಟ್ ಹೈಕೋರ್ಟ್ ತೀರ್ಪನ್ನೇ ಎತ್ತಿಹಿಡಿಯಿತು. ಆತನಿಗೆ ಮದುವೆಯಾಗಿದೆ ಎಂದು ಗೊತ್ತಿದ್ದೂ ಬಾಳಿದ್ದರಿಂದ ಅದು ‘ಮದುವೆಯ ಸ್ವರೂಪದ ಸಂಬಂಧ’ವಲ್ಲ ಎಂಬುದು ಕಾರಣ. ಮದುರೈ ಪೀಠದ ತೀರ್ಪನ್ನೂ ಈ ತೀರ್ಪನ್ನೂ ಕೂಡಿಸಿ ನೋಡಿದರೆ ಭಯವಾಗುತ್ತದೆ. ವಿಚ್ಛೇದಿತೆಯೊಬ್ಬಳು ವಿವಾಹಿತನೊಡನೆ ಬಾಳತೊಡಗಿದಳು ಎನ್ನಿ. ಸಂಬಂಧ ಇದೆ ಎಂದು ಮಾಜಿ ಗಂಡನ ಜೀವನಾಂಶ ನಿಲ್ಲಬಹುದು, ಆ ಸಂಬಂಧಕ್ಕೆ ಬೆಲೆಯಿಲ್ಲ ಎಂದು ಹೊಸ ಸಂಗಾತಿಯಿಂದಲೂ ಏನೂ ಸಿಗದಿರಬಹುದು.

2025ರ ಆರಂಭದಲ್ಲಿ ತೆಲಂಗಾಣದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇಂಥದೇ ಕಂದಕವನ್ನು ದಾಟಿತು. ಮೊದಲ ಗಂಡನಿಂದ ಕಾಗದ ಬರೆದುಕೊಂಡು ಬೇರೆಯಾಗಿದ್ದ ಮಹಿಳೆಗೆ ನ್ಯಾಯಾಲಯದ ವಿಚ್ಛೇದನ ಆಗಿರಲಿಲ್ಲ. ಎಲ್ಲ ತಿಳಿದೇ ಆಕೆಯನ್ನು ಮದುವೆಯಾದ ಎರಡನೆಯ ಗಂಡ, ಜಗಳವಾದಾಗ ಮೊದಲ ಮದುವೆ ಇನ್ನೂ ಉಳಿದಿದೆ ಎಂದು ಕೈತೊಳೆದುಕೊಳ್ಳಲು ನೋಡಿದ. ಹೈಕೋರ್ಟ್ ಒಪ್ಪಿಯೂ ಇತ್ತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಮೊದಲ ಗಂಡನಿಂದ ಆಕೆಗೆ ಏನೂ ಬರುತ್ತಿಲ್ಲ, ಎರಡೂ ಕಡೆ ಪಡೆಯುತ್ತಿದ್ದಾಳೆ ಎನ್ನುವಂತಿಲ್ಲ, ಹಾಗಾಗಿ ಎರಡನೆಯವನು ಜೀವನಾಂಶ ಕೊಡಲೇಬೇಕು ಎಂದಿತು. ಕಾಗದದ ಹೊಸ್ತಿಲಲ್ಲಿ ನಿಲ್ಲದೆ ಆಕೆಯ ಒಲೆ ಉರಿಯುತ್ತಿದೆಯೇ ಎಂದು ನೋಡಿದ ತೀರ್ಪು ಇದು.

ಹೆಣ್ಣಿನ ಎರಡನೆಯ ಬಾಳನ್ನು ಅಪಚಾರವೆಂದು ಕಾಣುವುದು ಈ ನಾಡಿನ ಎಲ್ಲರ ಪದ್ಧತಿಯಾಗಿರಲಿಲ್ಲ. ಕರ್ನಾಟಕದ ಹಲವು ಸಮುದಾಯಗಳಲ್ಲಿ ಉಡಿಕೆ, ಕೂಡಿಕೆ ಎಂಬ ಮರುಮದುವೆಗಳು ಬಹಳ ಹಿಂದಿನಿಂದ ನಡೆದುಬಂದಿವೆ. ಪಂಚಾಯಿತಿಯಲ್ಲಿ ಬಿಡುಗಡೆಯಾಗುತ್ತಿತ್ತು, ಹೊಸ ಗಂಡ ಹಳೆಯ ಗಂಡನಿಗೆ ಮದುವೆಯ ಖರ್ಚು ತೆರುವ ರೂಢಿಯೂ ಕೆಲವೆಡೆ ಇತ್ತು. ತುಳುನಾಡಿನ ಅಳಿಯಸಂತಾನ ಕುಟುಂಬಗಳಲ್ಲಿ ಹೆಣ್ಣಿಗೆ ತಾಯಿಯ ಕಡೆಯ ಆಸ್ತಿಯಲ್ಲೇ ಪಾಲು. ಗಂಡ ಬದಲಾದರೂ ಆಕೆಯ ಊಟ ಅಲುಗುತ್ತಿರಲಿಲ್ಲ. ಸಂಪ್ರದಾಯದ ವಿಚ್ಛೇದನವನ್ನು ಹಿಂದೂ ವಿವಾಹ ಕಾಯ್ದೆಯ 29ನೇ ಕಲಂ ಇಂದಿಗೂ ಮಾನ್ಯ ಮಾಡುತ್ತದೆ, ಪದ್ಧತಿಯನ್ನು ರುಜುವಾತು ಮಾಡಬೇಕಷ್ಟೆ.

ಹೊರಗಿನ ದೇಶಗಳು ಮರುಮದುವೆಯನ್ನೂ ಸಹಜೀವನವನ್ನೂ ಬೇರೆ ಬೇರೆಯಾಗಿ ಅಳೆಯಲು ಕಲಿತಿವೆ. ಇಂಗ್ಲೆಂಡಿನಲ್ಲಿ 1973ರ ಕಾಯ್ದೆಯಂತೆ ಮರುಮದುವೆಯಾದರೆ ತಿಂಗಳ ಪಾವತಿ ಅಲ್ಲಿಗೆ ಮುಗಿಯಿತು. ಸಂಗಾತಿಯೊಡನೆ ಬಾಳತೊಡಗಿದರೆ ಹಾಗಲ್ಲ. ಆ ಸಂಗಾತಿ ಎಷ್ಟು ಖರ್ಚು ಹೊರುತ್ತಿದ್ದಾನೆ, ಎಷ್ಟು ಹೊರಬೇಕು ಎಂಬ ಲೆಕ್ಕ ಹಾಕಬೇಕೆಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2009ರಲ್ಲಿ ಹೇಳಿತು. ಸಾವಿರಾರು ಕನ್ನಡಿಗ ಕುಟುಂಬಗಳು ನೆಲೆಸಿರುವ ಕ್ಯಾಲಿಫೋರ್ನಿಯಾದಲ್ಲಿ ಸಹಜೀವನ ಶುರುವಾದರೆ ಅಗತ್ಯ ಕಡಿಮೆಯಾಗಿದೆ ಎಂದು ಕಾನೂನು ಊಹಿಸಿಕೊಳ್ಳುತ್ತದೆ. ಹಾಗೇನಿಲ್ಲ ಎಂದು ಪಡೆಯುವವರು ತೋರಿಸಿಕೊಡಬಹುದು. ಕೊಡುವವರ ಹೊಸ ಸಂಗಾತಿಯ ಸಂಬಳವನ್ನು ಅದೇ ಕಾನೂನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನ್ಯೂಯಾರ್ಕ್‌ನಲ್ಲಿ ದಂಪತಿಯೊಂದು ‘60 ದಿನ ಸಹಜೀವನ ಮಾಡಿದರೆ ಜೀವನಾಂಶ ನಿಲ್ಲಬೇಕು’ ಎಂಬರ್ಥದ ಷರತ್ತನ್ನು ಒಪ್ಪಂದದಲ್ಲಿ ಬರೆದುಕೊಂಡಿತ್ತು. ಸಹಜೀವನ ಎಂದರೆ ಏನೆಂದು ಬರೆಯಲು ಮರೆತಿದ್ದರಿಂದ ಜಗಳ 2008ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಯಿತು. ಆ ಪದಕ್ಕೆ ಒಂದೇ ಅರ್ಥವಿಲ್ಲ ಎಂದು ನ್ಯಾಯಾಲಯ ಹೇಳಬೇಕಾಯಿತು.

ಒಪ್ಪಂದ ಬರೆಯುವವರಿಗೆ ಇದು ಇಲ್ಲಿಯೂ ಪಾಠ. ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ಕೌಟುಂಬಿಕ ನ್ಯಾಯಾಲಯವೂ ಮಧ್ಯಸ್ಥಿಕೆ ಕೇಂದ್ರವೂ ಒಂದೇ ಸೂರಿನಡಿ ಇವೆ. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಬರುವವರು ಹೆಚ್ಚಾಗಿ ತಿಂಗಳ ಜೀವನಾಂಶದ ಗೋಜಿಗೆ ಹೋಗದೆ ಇಡುಗಂಟಿನ ಮೊತ್ತಕ್ಕೆ ಒಪ್ಪಿಕೊಳ್ಳುತ್ತಾರೆ. ಇಡುಗಂಟು ಒಮ್ಮೆ ಕೈಸೇರಿದ ಮೇಲೆ ಆಕೆ ನಾಳೆ ಯಾರನ್ನು ಮದುವೆಯಾದರೂ ಅದು ಆಕೆಯದೇ. ಪತ್ತೇದಾರರ ಕಾಟವೂ ಇಲ್ಲ, ಹೊಸ ಅರ್ಜಿಯ ಭಯವೂ ಇಲ್ಲ. ಕೈಯಲ್ಲಿ ಅಷ್ಟು ಹಣವಿಲ್ಲದ ಸಂಸಾರಗಳಿಗೆ ಮಾತ್ರ ಈ ದಾರಿ ಎಟಕುವುದಿಲ್ಲ. ತಿಂಗಳ ಪಾವತಿಗೆ ಒಪ್ಪುವವರು ಮರುಮದುವೆಯಾದರೆ ಏನು, ಸಹಜೀವನವಾದರೆ ಏನು, ಕೊಡುವವರ ಕೆಲಸ ಹೋದರೆ ಏನು ಎಂಬುದನ್ನು ರಾಜಿ ಪತ್ರದಲ್ಲಿ ಬಿಡಿಸಿ ಬರೆಯುವುದು ಒಳ್ಳೆಯದು. ಮಕ್ಕಳ ಪಾಲನ್ನು ತಾಯಿಯ ಪಾಲಿನಿಂದ ಬೇರ್ಪಡಿಸಿ ಬರೆಯಲೇಬೇಕು. ತಾಯಿ ಮರುಮದುವೆಯಾದರೂ ಮಕ್ಕಳ ಮೇಲಿನ ತಂದೆಯ ಹೊಣೆ ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ. ಎರಡನ್ನೂ ಒಂದೇ ಅಂಕಿಯಲ್ಲಿ ಬೆರೆಸಿಟ್ಟರೆ, ತಾಯಿಯ ಮದುವೆಯ ನೆಪದಲ್ಲಿ ಮಗುವಿನ ಶಾಲೆಯ ಶುಲ್ಕವೂ ನಿಂತುಹೋಗುತ್ತದೆ, ಅದನ್ನು ಮತ್ತೆ ಕೊಡಿಸಲು ಇನ್ನೊಂದು ಸುತ್ತು ಕೋರ್ಟು ಅಲೆಯಬೇಕಾಗುತ್ತದೆ.

ಎರಡನೆಯ ಮದುವೆಯೂ ಮುರಿದರೆ ಏನು ಎಂಬುದಕ್ಕೆ ಜರ್ಮನಿಯ ನಾಗರಿಕ ಸಂಹಿತೆಯಲ್ಲಿ ಒಂದು ಏರ್ಪಾಡಿದೆ. ಮರುಮದುವೆಯಾದರೆ ಮೊದಲ ಸಂಗಾತಿಯ ಹೊಣೆ ಮುಗಿಯುತ್ತದೆ. ಆದರೆ ಆ ಎರಡನೆಯ ಮದುವೆಯೂ ಮುರಿದು, ಮೊದಲ ಮದುವೆಯ ಮಗುವನ್ನು ಸಾಕುವ ಭಾರ ಆಕೆಯ ಮೇಲೆ ಇನ್ನೂ ಇದ್ದರೆ, ಮೊದಲ ಗಂಡನಿಂದ ಮತ್ತೆ ಜೀವನಾಂಶ ಕೇಳಬಹುದು. ಭಾರತದ ಯಾವ ಕಾಯ್ದೆಯಲ್ಲೂ ಅಂಥ ಮಾತಿಲ್ಲ. ಎರಡನೆಯ ಬಾರಿ ಒಂಟಿಯಾದವಳು ಇಲ್ಲಿ ಎರಡನೆಯ ಗಂಡನ ಮೇಲೆ ಹೊಸದಾಗಿ ಅರ್ಜಿ ಹಾಕಬೇಕು, ಪ್ರಮಾಣಪತ್ರ ಸಲ್ಲಿಸಬೇಕು, ಮಧ್ಯಂತರ ಆದೇಶಕ್ಕೆ ಕಾಯಬೇಕು. ಅಲ್ಲಿಯವರೆಗಿನ ತಿಂಗಳುಗಳನ್ನು ಆಕೆ ತವರಿನವರ ನೆರವಿನಲ್ಲೋ ಸಾಲದಲ್ಲೋ ಕಳೆಯುತ್ತಾಳೆ.